ಕಾಲರಿನಿಂದ ಕೆಳಕ್ಕೆ

ಕಾಲರಕ್ಕನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಕುತ್ತಿಗೆ ನೆನಪಿರುತ್ತಿತ್ತು. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಅವಳ ಕಣ್ಣು ಮೊದಲು ಇಳಿಯುವುದು ಅವರ ಗದ್ದದ ಕೆಳಕ್ಕೆ. ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಿದ್ದರೂ ಸಾಕು, ಎದುರಿನವರು ತಮ್ಮ ಮನೆಗೆ ಬೆಂಕಿ ಬಿದ್ದ ಸುದ್ದಿ ಹೇಳುತ್ತಿದ್ದರೂ ಅವಳ ಕಿವಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳುವಳು, "ಯಾರೋ ಸಿಕ್ಕಿದ್ರು ರೀ. ನೀಲಿ ಗೆರೆ ಬಟ್ಟೆ, ಒಂದು ಕಡೆ ತುದಿ ಮಡಚಿಕೊಂಡಿತ್ತು." ಆತ ಅಷ್ಟರಿಂದಲೇ ಯಾರೆಂದು ಊಹಿಸಬೇಕು. ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತಿದ್ದರು.

ತಪ್ಪು ಅವಳದೇನಲ್ಲ. ಶರ್ಟಿನ ಕಾರ್ಖಾನೆಗೆ ಹೊಸದಾಗಿ ಸೇರಿದ ದಿನ ಮೇಲ್ವಿಚಾರಕ ಅವಳನ್ನು ಒಂದು ಮಷಿನಿನ ಮುಂದೆ ಕೂರಿಸಿ, "ಇದು ಕಾಲರು, ಇದು ನಿಂದು" ಅಂದ. ತಲೆ ನರೆತು ಕಾರ್ಖಾನೆ ಬಾಗಿಲು ಹಾಕುವವರೆಗೂ ಅದು ಅವಳದೇ ಆಗಿತ್ತು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಗ. ಒಬ್ಬಾಕೆ ಬರೀ ತೋಳು, ಇನ್ನೊಬ್ಬಾಕೆ ಬರೀ ಜೇಬು, ಗುಂಡಿ ತೂರಿಸುವ ಕಾಜ ಮಾಡಲಿಕ್ಕೆ ಒಬ್ಬ ಅಣ್ಣ. ಎಲ್ಲ ಸೇರಿ ಶರ್ಟು ಆಗುವುದು ಗೋಡೆಯಾಚೆ, ಬೇರೆ ಯಾರದೋ ಕೈಯಲ್ಲಿ. ಲಕ್ಷಾಂತರ ಕುತ್ತಿಗೆಗಳನ್ನು ನೆಟ್ಟಗೆ ನಿಲ್ಲಿಸಿದ ಹೆಂಗಸು ಜೀವಮಾನದಲ್ಲಿ ಒಂದೇ ಒಂದು ಇಡೀ ಶರ್ಟು ಹೊಲಿದಿರಲಿಲ್ಲ. ಗಾಣದೆತ್ತು ಎಷ್ಟು ನಡೆದರೇನು, ಪಕ್ಕದೂರು ಕಂಡಿರುತ್ತದೆಯೇ? ಆದರೆ ಅವಳಿಗೆ ಆ ಬಗ್ಗೆ ಬೇಸರವೇನೂ ಇರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ತಲೆ ಆರಾಮಾಗಿ ನಿದ್ದೆ ಹೊಡೆಯುತ್ತಿತ್ತು.

ಅವಳ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವರು. ಜನ ಪೇಂಟರು ಅನ್ನುತ್ತಿದ್ದರು. ಎತ್ತರದ ಏಣಿಯ ಮೇಲೆ ನಿಂತು, ಬಾಯಲ್ಲೊಂದು ಕುಂಚ ಕಚ್ಚಿಕೊಂಡು, ಕೈಯಲ್ಲೊಂದು ಕುಂಚ ಹಿಡಿದು, ಗೆರೆ ಹಾಕದೆ ಅಕ್ಷರ ಬರೆಯಬಲ್ಲವರು. ಮನೆಯಿಂದ ಹೊರಟರೆ ಕಾಲರಿರುವ ಶರ್ಟೇ ಆಗಬೇಕು, ಮೇಲಿನ ಗುಂಡಿಯವರೆಗೂ ಹಾಕಿರಬೇಕು. "ಬಣ್ಣದ ಕೆಲಸಕ್ಕೆ ಹೋಗೋರಿಗೆ ಇಷ್ಟೆಲ್ಲ ಯಾಕೆ?" ಎಂದು ಯಾರಾದರೂ ಕೇಳಿದರೆ, "ಮನೇಲಿ ಕಾಲರ್ ಮಾಡೋಳು ಇದಾಳೆ. ನಾನು ಬೋಳು ಕುತ್ತಿಗೇಲಿ ತಿರುಗಿದ್ರೆ ಅವಳ ಮರ್ಯಾದೆ ಏನಾಗಬೇಕು?" ಎನ್ನುವರು. ಈ ಮಾತು ಊರೆಲ್ಲ ಸುತ್ತಿ ಅವಳ ಕಿವಿಗೆ ಬಂದಾಗ, ಅವಳು "ಇವರಿಗೆ ಬೇರೆ ಕೆಲಸ ಇಲ್ಲ" ಎಂದು ಗೊಣಗಿ, ಆ ದಿನದ ಪಲ್ಯಕ್ಕೆ ಒಂದು ಸೌಟು ಹೆಚ್ಚೇ ಎಣ್ಣೆ ಸುರಿದಿದ್ದಳು.

ಕಾರ್ಖಾನೆ ಮುಚ್ಚುವ ಸ್ವಲ್ಪ ಮೊದಲು ಪೇಂಟರ ಬಲಗೈ ನಡುಗತೊಡಗಿತು. ವೈದ್ಯರು ಮಾತ್ರೆ ಕೊಟ್ಟರು, ನಡುಕ ಕಡಿಮೆಯಾಗುತ್ತದೆ, ಹೋಗುವುದಿಲ್ಲ ಎಂದರು. ಆತ ಕೊನೆಯದಾಗಿ ಬರೆದದ್ದು ಒಂದು ಔಷಧಿ ಅಂಗಡಿಯ ಬೋರ್ಡು. ಅಂಗಡಿಯವನು ಪಾಪ, ಚೆನ್ನಾಗಿದೆ ಎಂದೇ ಕಳಿಸಿದ. ಮರುದಿನ ಆ ದಾರಿಯಲ್ಲಿ ಹೋದರೆ ಬೇರೆ ಯಾರೋ ಏಣಿ ಹಾಕಿಕೊಂಡು ಅದರ ಮೇಲೆ ಬಿಳಿ ಬಳಿಯುತ್ತಿದ್ದರು. ಪೇಂಟರು ಮನೆಗೆ ಬಂದು ಕುಂಚಗಳನ್ನು ತೊಳೆದು ಒರೆಸಿ ಅಟ್ಟಕ್ಕೆ ಹಾಕಿದರು.

ಆಮೇಲೆ ಗುಂಡಿಗಳ ಸರದಿ. ಒಂದು ಬೆಳಗ್ಗೆ ಆತ ಕನ್ನಡಿಯ ಮುಂದೆ ನಿಂತು ಮೇಲಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದರು. ಕಾಲರಕ್ಕ ನೋಡಲಾರದೆ ಹೋಗಿ ಟಪಟಪನೆ ಹಾಕಿಬಿಟ್ಟಳು. ಅಷ್ಟೇ ಅಲ್ಲದೆ, "ಇಷ್ಟಕ್ಕೆ ಅರ್ಧ ಗಂಟೇನಾ" ಎಂದೂ ಅಂದಳು. ಕೆಟ್ಟದ್ದಕ್ಕೆ ಅಂದದ್ದಲ್ಲ, ಅವಸರದ ಬಾಯಿ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೇಂಟರು ಅವಳ ಕೈ ಸರಿಸಿ, ಒಂದೊಂದೇ ಗುಂಡಿ ಬಿಚ್ಚಿ, ಶರ್ಟನ್ನು ಗೂಟಕ್ಕೆ ಹಾಕಿ, ಬನಿಯನ್ನಿನಲ್ಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅವತ್ತಿನಿಂದ ಹೊಸ್ತಿಲು ದಾಟಲಿಲ್ಲ.

ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ತಲೆಯ ಮೇಲಿಂದ ಹಾಕಿಕೊಳ್ಳುವ, ಕಾಲರಿರುವ ಬನಿಯನ್ನೊಂದನ್ನು ತಂದುಕೊಟ್ಟಳು. ಭುಜ ಬಿಗಿದುಕೊಂಡ ಬಲಗೈಯನ್ನು ಮೇಲೆತ್ತಲಾಗದೆ ಆತ ಅದರೊಳಗೆ ಅರ್ಧಕ್ಕೆ ಸಿಕ್ಕಿಕೊಂಡರು. ಹೊರಗೆ ಬಂದ ಮೇಲೆ, "ಇದು ಕಾಲರಲ್ಲ ಮಗಳೇ, ನಾಯಿ ಕಿವಿ" ಎಂದು ಮಡಚಿ ವಾಪಸು ಕೊಟ್ಟರು. ನಗೆಚಾಟಿಕೆಯ ಮಾತೇ, ಆದರೆ ಮುಖದಲ್ಲಿ ನಗೆ ಇರಲಿಲ್ಲ. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಪತ್ರಿಕೆ ಬಂದರೆ ಬಿಡಿಸುತ್ತಿರಲಿಲ್ಲ. ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಪೈಪು, ಅದನ್ನೇ ನೋಡುವರು. ಆತ ಹೀಗೇ ಕೂತಲ್ಲೇ ಕರಗಿಹೋಗುತ್ತಾರೆ ಎಂದು ಕಾಲರಕ್ಕನಿಗೆ ಭಯ ಹತ್ತಿತು. ಕಾಯಿಲೆಗಿಂತ ಆ ಕುರ್ಚಿಯೇ ಅವಳನ್ನು ಹೆಚ್ಚು ಹೆದರಿಸಿತ್ತು.

ಅವಳಿಗೆ ದಾರಿ ಹೊಳೆದದ್ದು ಮಗಳ ಕಾಲಿನಲ್ಲಿ. ಮಗಳು ಒಳಗೆ ಬಂದವಳೇ ಬಗ್ಗಿ, ಚಪ್ಪಲಿಯ ಪಟ್ಟಿಯನ್ನು ಚರ್ರ್ ಎಂದು ಕಿತ್ತು ಬಿಚ್ಚಿದಳು. ಗುಂಡಿ ಇಲ್ಲ, ಬಕಲ್ ಇಲ್ಲ. ಒತ್ತಿದರೆ ಅಂಟುತ್ತದೆ, ಎಳೆದರೆ ಬಿಡುತ್ತದೆ.

"ಇದು ಉದ್ದಕ್ಕೆ ಸಿಗುತ್ತೇನೇ?" ಎಂದು ಕಾಲರಕ್ಕ ಕೇಳಿದಳು.

"ಸಿಗುತ್ತೆ. ಯಾಕಮ್ಮಾ, ನಿನಗೂ ಚಪ್ಪಲಿ ಬೇಕಾ?"

"ಚಪ್ಪಲಿಗಲ್ಲ, ಶರ್ಟಿಗೆ. ಅಪ್ಪಂಗೆ ಹೇಳಬೇಡ."

ಯೋಚನೆ ಸುಲಭ. ಕಾಜಗಳನ್ನು ಹೊಲಿದು ಮುಚ್ಚಿ ಗುಂಡಿಗಳನ್ನು ಮೇಲೆ ಬರೀ ನೋಟಕ್ಕೆ ಇಡುವುದು, ಒಳಗೆ ಈ ಚರ್ರ್ ಪಟ್ಟಿ. ನೋಡಿದವರಿಗೆ ಮಾಮೂಲಿ ಶರ್ಟು, ಹಾಕಿಕೊಳ್ಳುವವರಿಗೆ ಎದೆಯ ಮೇಲೊಂದು ತಟ್ಟು. ಇರುವ ಹಳೇ ಶರ್ಟಿಗೇ ಪಟ್ಟಿ ಹಚ್ಚಬಹುದಲ್ಲ ಎಂದು ಮಗಳು ಕೇಳಿದಳು. ಕಾಲರಕ್ಕ ಒಪ್ಪಲಿಲ್ಲ. ಆ ಶರ್ಟುಗಳನ್ನು ಕಂಡರೆ ಆತ ಮುಖ ತಿರುಗಿಸುತ್ತಿದ್ದರು. ಹೊಸದೇ ಆಗಬೇಕು, ತಾನೇ ಹೊಲಿಯಬೇಕು.

ಹೊಲಿಗೆ ಮಷಿನು ಮನೆಯಲ್ಲಿತ್ತು. ಬಟ್ಟೆ ತಂದಳು, ತಿಳಿ ಬೂದು ಬಣ್ಣದ್ದು. ಗಂಡ ಮಧ್ಯಾಹ್ನ ಮಲಗಿದ ಮೇಲೆ ಹಿಂದಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ಎಲ್ಲಿಂದ ಶುರುಮಾಡುವುದು? ಇದನ್ನು ಕೇಳಬೇಕೇ? ಕಾಲರಿನಿಂದ.

ಲೋಕದಲ್ಲಿ ಯಾವ ದರ್ಜಿಯೂ ಮೊದಲು ಕಾಲರು ಮುಗಿಸಿ, ಆಮೇಲೆ ಆ ಕಾಲರಿಗೆ ತಕ್ಕಂತೆ ಮನುಷ್ಯನನ್ನು ಕತ್ತರಿಸುವುದಿಲ್ಲ. ಕಾಲರಕ್ಕ ಕತ್ತರಿಸಿದಳು. ಕಾಲರು ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಅದರಿಂದ ಭುಜ ಇಳಿಸಿದಳು, ಭುಜದಿಂದ ಎದೆ ಇಳಿಸಿದಳು. ಹೊಟ್ಟೆಯ ಹತ್ತಿರ ಬರುವಷ್ಟರಲ್ಲಿ, ತೋಳಿಗೆಂದು ತೆಗೆದಿಟ್ಟ ತುಂಡು ಬಿಟ್ಟು, ಬಟ್ಟೆ ಮುಗಿಯಿತು. ಇನ್ನು ತೋಳು. ಕಾಲರಿನ ಎರಡು ತುದಿಗಳೂ ಒಂದೇ ಅಚ್ಚಿನವು, ಅದರಲ್ಲಿ ಎಡ ಬಲ ಎಂಬ ಭೇದವಿಲ್ಲ. ಹಾಗಾಗಿ ಒಂದೇ ಅಚ್ಚಿಟ್ಟು ಎರಡು ತೋಳು ಕತ್ತರಿಸಿದಳು, ಹೊಲಿದಳು, ಕೂಡಿಸಿದಳು. ಎತ್ತಿ ಹಿಡಿದು ನೋಡಿದರೆ ಒಂದು ತೋಳು ಸರಿಯಾಗಿ ಇಳಿದಿತ್ತು, ಇನ್ನೊಂದು ಬೆನ್ನ ಹಿಂದೆ ಯಾರನ್ನೋ ಕರೆಯುವಂತೆ ತಿರುಚಿಕೊಂಡಿತ್ತು. ಅವಳು ಎಷ್ಟು ಎಳೆದರೂ ಅದು ಮುಂದಕ್ಕೆ ಬರಲಿಲ್ಲ.

ಅದೇ ಹೊತ್ತಿಗೆ ನೀರು ಕೇಳಲು ಎದ್ದು ಬಂದ ಪೇಂಟರು ಬಾಗಿಲು ತಳ್ಳಿದರು. ಶರ್ಟನ್ನು ನೋಡಿದರು. ಮೇಲಿಂದ ಕೆಳಗೆ ನೋಡಿ, ಎರಡು ತೋಳನ್ನೂ ಹಿಡಿದು ತಿರುಗಿಸಿ ನೋಡಿ, ನಗತೊಡಗಿದರು. ತಿಂಗಳುಗಟ್ಟಲೆ ಕೇಳದಿದ್ದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಲರಕ್ಕನಿಗೂ ನಗು ಬಂತು. ಇಬ್ಬರೂ ಆ ತಿರುಚಿದ ತೋಳನ್ನು ಒಂದೊಂದು ಕಡೆ ಹಿಡಿದು ನಿಂತು ನಕ್ಕರು.

"ಎರಡೂ ಎಡಗೈ ಇರೋನಿಗೆ ಹೊಲಿದಿದೀಯಲ್ಲೇ" ಎಂದರು ಪೇಂಟರು. ಹೇಳಿದ ಮೇಲೆ ನಗು ನಿಂತಿತು. ತಮ್ಮ ಬಲಗೈಯನ್ನೇ ನೋಡಿಕೊಂಡರು. ತೋಳನ್ನು ಮೆಲ್ಲಗೆ ಬಿಟ್ಟು, ನೀರು ಕುಡಿಯುವುದನ್ನೂ ಮರೆತು ಕುರ್ಚಿಗೆ ಹೋದರು.

ಕಾಲರಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಆತನನ್ನು ಹೊರಗೆ ಕರೆಯಲು ಹೋಗಿ ಇನ್ನಷ್ಟು ಒಳಗೆ ತಳ್ಳಿದೆನಲ್ಲ ಎಂದು ಅತ್ತಳು. ಜೊತೆಗೆ ಇನ್ನೊಂದು ದುಃಖವೂ ಇತ್ತು. ಇಷ್ಟು ವರ್ಷ ಹೊಲಿದು ಶರ್ಟು ಎಂದರೇನೆಂದೇ ತನಗೆ ಗೊತ್ತಿಲ್ಲ. ಕೈಗೆ ಗೊತ್ತಿದ್ದದ್ದು ತಲೆಗೆ ಏರಿರಲೇ ಇಲ್ಲ. ಈ ವಯಸ್ಸಿನಲ್ಲಿ ಆ ತಲೆ ಇನ್ನು ತೆರೆಯುತ್ತದೋ ಇಲ್ಲವೋ. ಅತ್ತು ಮುಗಿದ ಮೇಲೆ ಮುಖ ತೊಳೆದು, ಚಪ್ಪಲಿ ಮೆಟ್ಟಿ, ತೋಳಿನಾಕೆಯ ಮನೆಗೆ ಹೊರಟಳು.

ವರ್ಷಗಟ್ಟಲೆ ಒಂದೇ ಸೂರಿನಡಿ ದುಡಿದರೂ ಅವಳ ಮನೆ ಯಾವ ಕಡೆ ಎಂದು ಇವಳಿಗೆ ಗೊತ್ತಿರಲಿಲ್ಲ. ಕೇಳಿಕೊಂಡು, ತಪ್ಪು ಬಸ್ಸು ಹತ್ತಿ, ಕಾಣದ ಬೀದಿಯಲ್ಲಿ ಇಳಿದು, ಅಲ್ಲಿಂದ ನಡೆದು ಹೋದಳು. ಆ ಬೀದಿಯಲ್ಲೊಬ್ಬ ಗಾಜು ಕತ್ತರಿಸುತ್ತಿದ್ದ. ಗಾಜಿನ ಮೇಲೆ ಗೆರೆ ಎಳೆದು ತಟ್ಟಿದರೆ ಅಷ್ಟಕ್ಕೇ ಸರಿಯಾಗಿ ಎರಡಾಗುತ್ತಿತ್ತು. ಕಾಲರಕ್ಕ ಬಂದ ಕೆಲಸ ಮರೆತು ನಿಂತು ನೋಡಿದಳು. ಇಂಥದ್ದು ಊರಲ್ಲಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ.

ತೋಳಿನಾಕೆ ಪ್ರೀತಿಯಿಂದ ಕೂರಿಸಿ ಎಡ ತೋಳು, ಬಲ ತೋಳು, ಕಂಕುಳ ಹತ್ತಿರ ಹಿಂಭಾಗದ ತಗ್ಗು, ಮುಂಭಾಗದ ತಗ್ಗು ಎಲ್ಲ ತೋರಿಸಿದಳು. "ಅದನ್ನ ಶರ್ಟಿನ ಮೈಗೆ ಹೇಗೆ ಕೂಡಿಸೋದು?" ಎಂದರೆ, "ಅದು ನಂಗೇನು ಗೊತ್ತಕ್ಕಾ, ಅದು ಗೋಡೆಯಾಚೆಯವರದ್ದು" ಎಂದಳು. ಅಲ್ಲಿಂದ ಜೇಬಿನಾಕೆಯ ಮನೆ. ಅವಳು ಕಣ್ಣು ಮುಚ್ಚಿಕೊಂಡು ಜೇಬು ಮಡಚಿ ತೋರಿಸಿದಳು.

"ಯಾವ ಕಡೆಗೆ ಇಡೋದು?"

"ಎಡಕ್ಕೆ."

"ಎಡಕ್ಕೇ ಯಾಕೆ?"

ಜೇಬಿನಾಕೆ ಕಕ್ಕಾಬಿಕ್ಕಿಯಾದಳು. "ಯಾಕೆ ಅಂದ್ರೆ? ಜೇಬು ಎಡಕ್ಕೇ ಇರೋದು. ನಾನು ಯಾವತ್ತೂ ಕೇಳಿಲ್ಲ. ನೀನು ಕಾಲರ್ ಯಾಕೆ ಮೇಲಕ್ಕಿದೆ ಅಂತ ಕೇಳಿದ್ಯಾ?"

ಕಾಜದಣ್ಣ ಮಾತ್ರ ವಿಷಯ ಕೇಳಿ ನೊಂದುಕೊಂಡ. ಕಾಜಗಳನ್ನು ಹೊಲಿದು ಮುಚ್ಚುವುದೆಂದರೆ ಅವನಿಗೆ ಕಣ್ಣು ಕಟ್ಟಿದಷ್ಟೇ ಸಂಕಟ. ಕೊನೆಗೆ, "ಪೇಂಟರಣ್ಣಂಗೋಸ್ಕರ ಅಂದ್ರೆ ಮುಚ್ಚು ಹೋಗಮ್ಮಾ" ಎಂದು ಅಪ್ಪಣೆ ಕೊಟ್ಟ. ಒಂದು ಭಾನುವಾರ ಮೂವರನ್ನೂ ತೋಳಿನಾಕೆಯ ಮನೆಯಲ್ಲಿ ಸೇರಿಸಿ ನಡುವೆ ಬಟ್ಟೆ ಹರಡಿದಳು. ಕುರುಡರು ಆನೆ ಮುಟ್ಟಿದ ಕಥೆಯೇ ಸರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಹಾ ಆರಿತು, ಜಗಳವಾಯಿತು, ಇನ್ನೊಮ್ಮೆ ಚಹಾ ಆಯಿತು. ಸಂಜೆಯ ಹೊತ್ತಿಗೆ ಪಕ್ಕ ಹೊಲಿಯುವ ಮೊದಲೇ ತೋಳು ಕೂಡಿಸಬೇಕು ಎಂಬುದನ್ನು ನಾಲ್ವರೂ ಸೇರಿ ಕಂಡುಹಿಡಿದಿದ್ದರು. ಊರಿನ ಯಾವ ದರ್ಜಿಯನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದ. ಆದರೆ ತಾವೇ ಕಂಡುಹಿಡಿದದ್ದರ ರುಚಿಯೇ ಬೇರೆ. ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ.

ಉಳಿದದ್ದನ್ನು ಅವಳು ಬಸ್ ನಿಲ್ದಾಣದಲ್ಲಿ ಕಲಿತಳು. ಬೆಂಚಿನ ಮೇಲೆ ಕೂತು ಬರುವ ಹೋಗುವ ಗಂಡಸರನ್ನು ಕಾಲರಿನಿಂದ ಕೆಳಕ್ಕೆ ನೋಡತೊಡಗಿದಳು. ಭುಜ ಎಲ್ಲಿ ಮುಗಿಯುತ್ತದೆ, ಕೈ ಎತ್ತಿದರೆ ಬಟ್ಟೆ ಎಲ್ಲಿ ಎಳೆಯುತ್ತದೆ, ಕೂತರೆ ಹೊಟ್ಟೆಯ ಹತ್ತಿರ ಎಷ್ಟು ಸಡಿಲ ಬೇಕು. ಒಬ್ಬ ಗಡ್ಡದವನು ಬಂದು, "ಏನಮ್ಮಾ, ನನ್ನ ಗುರುತಾ?" ಎಂದು ಕೇಳಿದ.

"ಇಲ್ಲಪ್ಪಾ, ನಿಮ್ಮ ಕಂಕುಳ ನೋಡ್ತಿದ್ದೆ" ಎಂದಳು ಕಾಲರಕ್ಕ ಸಹಜವಾಗಿ. ಅವನು ಬಂದ ಮೊದಲ ಬಸ್ಸು ಹತ್ತಿ ಹೋದ. ಅದು ಅವನ ಬಸ್ಸಾಗಿರಲಿಕ್ಕಿಲ್ಲ.

ಕೆಳಕ್ಕೆ ಇಳಿದ ಕಣ್ಣು ಶರ್ಟಿನಲ್ಲೇ ನಿಲ್ಲಲಿಲ್ಲ. ಒಬ್ಬರು ಕೈಚೀಲವನ್ನು ಯಾಕೆ ಎದೆಗೊತ್ತಿಕೊಂಡಿದ್ದಾರೆ, ಇನ್ನೊಬ್ಬರು ಕಾಲು ಯಾಕೆ ಎಳೆಯುತ್ತಾರೆ ಎಂದೆಲ್ಲ ಅವಳಿಗೆ ಕಾಣತೊಡಗಿತು. ಸಂಜೆ ಮನೆಗೆ ಬಂದು, ಪಲ್ಯಕ್ಕೆ ಹೆಚ್ಚುತ್ತಾ, ಗೋಡೆಗೆ ಹೇಳುವವಳಂತೆ ಎಲ್ಲ ಹೇಳುವಳು. ಗಾಜಿನವನ ಕಥೆ, ಕಾಜದಣ್ಣನ ಸಂಕಟ, ಗಡ್ಡದವನು ಓಡಿದ್ದು. ಪೇಂಟರು ಪೈಪಿನ ಕಡೆಗೇ ಮುಖ ಮಾಡಿಕೊಂಡಿರುವರು. ಆದರೆ ಅವಳು ನಡುವೆ ನಿಲ್ಲಿಸಿದರೆ, "ಆಮೇಲೆ?" ಎನ್ನುವರು. ಆ ಒಂದು "ಆಮೇಲೆ"ಗಾಗಿ ಅವಳು ಮರುದಿನ ಇನ್ನೊಂದು ಕಾಣದ ಬೀದಿಗೆ ಹೋಗಿ ಬರುತ್ತಿದ್ದಳು.

ಈ ನಡುವೆ ಒಂದು ಕಿರಿಕಿರಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇಟ್ಟಲ್ಲಿ ಇರುತ್ತಿರಲಿಲ್ಲ. ಹೊಸ ತುಂಡು ತಂದರೆ ಎರಡೇ ದಿನದಲ್ಲಿ ಸವೆದು ಉಗುರಿನಷ್ಟಾಗಿರುತ್ತಿತ್ತು, ಇಲ್ಲವೇ ಕಾಣೆಯಾಗುತ್ತಿತ್ತು. ತನಗೇ ಮರೆವು ಶುರುವಾಯಿತೇನೋ ಎಂದು ಹೆದರಿದಳು. ಒಬ್ಬರಿಗೆ ಕೈ, ಇನ್ನೊಬ್ಬರಿಗೆ ತಲೆ, ಚೆನ್ನಾಗಿದೆ ಸಂಸಾರ ಎಂದುಕೊಂಡು ಇನ್ನೊಂದು ತುಂಡು ತಂದಳು.

ಎರಡನೆಯ ಶರ್ಟು ಮುಗಿಯಿತು. ಈ ಸಲ ಕಾಲರನ್ನು ಎಲ್ಲಕ್ಕಿಂತ ಕೊನೆಗೆ ಕೂಡಿಸಿದಳು. ಕೈ ಹಟ ಮಾಡಿತು, ಅವಳು ಬಿಡಲಿಲ್ಲ. ಒಂದು ತೋಳು ಎಡಕ್ಕೆ, ಒಂದು ಬಲಕ್ಕೆ. ಜೇಬು ಎಡಕ್ಕೆ. ಗುಂಡಿಗಳು ಮೇಲೆ ಸುಮ್ಮನೆ ನಗುತ್ತಾ ಕೂತಿದ್ದವು, ಪಟ್ಟಿ ಒಳಗಿತ್ತು. ಹಾಕಿಕೊಳ್ಳಿ ಎಂದರೆ ಆತ ಹಾಕಿಕೊಳ್ಳುವವರಲ್ಲ ಎಂದು ಅವಳಿಗೆ ಗೊತ್ತು. ಇಸ್ತ್ರಿ ಮಾಡಿ, ಆತನ ಕೋಣೆಯ ಗೂಟಕ್ಕೆ ಹಾಕಿ, ಪಟ್ಟಿ ಕಾಣುವ ಹಾಗೆ ಸ್ವಲ್ಪ ತೆರೆದಿಟ್ಟು, ಏನೂ ಹೇಳದೆ ಬಂದಳು. ಅವತ್ತು ಆತ ಅದನ್ನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ.

ಅದರ ಮರುದಿನ ಬೆಳಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಚರ್ರ್ ಎಂದು ಪಟ್ಟಿ ಕಿತ್ತ ಸದ್ದು. ಮತ್ತೆ ಚರ್ರ್. ತಪ್ಪಾಗಿ ಅಂಟಿಸಿ ಬಿಚ್ಚುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಓಡಿಹೋಗಿ ಟಪಟಪನೆ ಒತ್ತಿಬಿಡಬೇಕೆಂದು ಕೈ ತುರಿಸಿತು. ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದಳು.

ಬಾಗಿಲು ತೆರೆಯಿತು. ಪೇಂಟರು ಅಡುಗೆಮನೆಯ ಹೊಸ್ತಿಲಿನಲ್ಲಿ ಬಂದು ನಿಂತರು. ಬೂದು ಶರ್ಟು, ಗುಂಡಿ ಮೇಲಿನವರೆಗೂ ಹಾಕಿದಂತೆಯೇ ಕಾಣುತ್ತಿತ್ತು. "ಹೇಗಿದೆ? ಕಾಲರ್ ನೋಡು" ಎಂದರು.

ಕಾಲರಕ್ಕ ಕಾಲರು ನೋಡಲಿಲ್ಲ. ಅವಳು ಮುಖ ನೋಡಿದಳು. ಗಲ್ಲ ಇಷ್ಟು ಇಳಿದಿದೆ, ಹುಬ್ಬು ಇಷ್ಟು ಬೆಳ್ಳಗಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಎಷ್ಟು ಇಷ್ಟ ಈ ಮುಖ ಎಂದು ಅನ್ನಿಸಿತು.

"ಚೆನ್ನಾಗಿದೆ" ಎಂದಳು, ಕಣ್ಣೊರೆಸಿಕೊಂಡು.

"ಆ ಗಾಜು ಕತ್ತರಿಸೋನು ಯಾವ ಬೀದೀಲಿರೋದು? ನಡಿ, ತೋರಿಸು."

ಹೊಸ್ತಿಲು ದಾಟುವಾಗ ಆತ ಒಂದು ಗಳಿಗೆ ನಿಂತರು, ದಾಟಿದರು. ಬೀದಿಗೆ ಬಿದ್ದ ಮೇಲೆ ಹಳೇ ಚಾಳಿ ಶುರುವಾಯಿತು. ಒಂದೊಂದು ಬೋರ್ಡಿಗೂ ಒಂದೊಂದು ಕೊಂಕು. "ಇವನ ಅಕ್ಷರಕ್ಕೆ ಜ್ವರ ಬಂದಿದೆ." "ಅದು ಬೋರ್ಡಾ, ಒಣಗ ಹಾಕಿದ ಬಟ್ಟೆಯಾ?" ಬಲಗೈ ನಡುಗುತ್ತಲೇ ಇತ್ತು. ಒಂದಿಬ್ಬರು ಅದನ್ನು ನೋಡಿದರು, ಆತ ನೋಡಲು ಬಿಟ್ಟರು. ಔಷಧಿ ಅಂಗಡಿ ಬಂದಾಗ ಮಾತ್ರ ಮಾತು ನಿಂತಿತು. ಅದನ್ನು ದಾಟಿ ಮುಂದೆ ಒಂದು ಮುಚ್ಚಿದ ಅಂಗಡಿಯ ಕರಿ ಬಾಗಿಲಿನ ಮುಂದೆ ಪೇಂಟರು ನಿಂತರು. ಎಡಗೈಯನ್ನು ಎಡ ಎದೆಯ ಜೇಬಿಗೆ ಹಾಕಲು ಹೋದರು. ಮೊಣಕೈ ಮುದುರಿ, ಮಣಿಕಟ್ಟು ತಿರುಚಿ, ಬೆರಳು ಜೇಬಿನ ಬಾಯಿಗೆ ಸಿಗದೆ ಒದ್ದಾಡಿದವು. ಕಾಲರಕ್ಕ ಕೈ ಕಟ್ಟಿಕೊಂಡು ಕಾದಳು. ಕೊನೆಗೆ ಎರಡು ಬೆರಳ ನಡುವೆ ಒಂದು ವಸ್ತು ಹೊರಗೆ ಬಂತು. ಅವಳ ಕಾಣೆಯಾದ ಸೀಮೆಸುಣ್ಣ.

"ನೀವಾ ರೀ ಕದ್ದಿದ್ದು? ನಾನು ನನಗೇ ತಲೆ ಕೆಟ್ಟಿತು ಅಂದ್ಕೊಂಡಿದ್ದೆ."

"ನೀನು ದಿನಾ ಊರು ಸುತ್ತೋಕೆ ಹೋದ್ರೆ ನಾನು ಮನೇಲಿ ಏನು ಮಾಡಲಿ? ಎರಡೂ ಎಡಗೈ ಅಂದಿದ್ದು ನಾನೇ ಅಲ್ವಾ. ಒಂದಾದ್ರೂ ಇದೆಯಲ್ಲ, ನೋಡೋಣ ಅಂತ" ಎಂದು ಪೇಂಟರು ಎಡಗೈಯಿಂದ ಆ ಕರಿ ಬಾಗಿಲಿನ ಮೇಲೆ ಒಂದು ಅಕ್ಷರ ಬರೆದರು. ಮೊದಲ ಸಲ ಸ್ಲೇಟು ಹಿಡಿದ ಮಗು ಬರೆದ ಹಾಗಿತ್ತು. ದೊಡ್ಡದು, ಸೊಟ್ಟ, ಕೆಳಗೆ ಬಾಲ ಬೇರೆ. ಹಿಂದೆ ಸರಿದು ನಿಂತು ನೋಡಿದರು. "ಜ್ವರ ಇದೆ. ಇಳಿಯುತ್ತೆ" ಎಂದರು.

ಸೀಮೆಸುಣ್ಣವನ್ನು ಜೇಬಿಗೆ ವಾಪಸು ಹಾಕಲು ಮತ್ತೆ ಒದ್ದಾಟ. "ಇನ್ನೊಂದು ಹೊಲೀತೀಯಲ್ಲ, ಅದಕ್ಕೆ ಜೇಬು ಬಲಗಡೆ ಇಡು. ಈ ಕೈಗೆ ಇನ್ನು ಮೇಲೆ ಕೆಲಸ ಇದೆ."

"ಬಲಗಡೆ ಯಾರೂ ಇಡಲ್ಲ ರೀ."

"ಎರಡೂ ತೋಳು ಎಡಕ್ಕೆ ಯಾರು ಇಡ್ತಾರೆ?"

ಜೇಬಿನಾಕೆಗೆ ಹೇಳಿದರೆ ಅವಳು ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಳು ಕಾಲರಕ್ಕ. ಆಮೇಲೆ, ಆ ಬೀದಿಯ ನಡುವೆಯೇ, ಹೋಗುವವರು ತಿರುಗಿ ನೋಡಿದರೂ ಬಿಡದೆ, ಗಂಡನ ಬಲ ಎದೆಯ ಮೇಲೆ ಅಂಗೈ ಅಗಲಿಸಿಟ್ಟು ಹೊಸ ಜೇಬಿನ ಅಳತೆ ತೆಗೆದುಕೊಂಡಳು.